ಸೀಮೆಸುಣ್ಣ ಹಚ್ಚಿದ ಗೇರು

ನಮ್ಮಪ್ಪ ಎತ್ತಿನ ತುಟಿ ಎತ್ತಿ ಹಲ್ಲು ನೋಡಿ, ಇದು ಇನ್ನೆಷ್ಟು ವರ್ಷ ನೊಗ ಹೊರುತ್ತದೆ ಎಂದು ಹೇಳಿಬಿಡುತ್ತಿದ್ದರು. ನಾನು ಹೊಲ ಬಿಟ್ಟು ಲಾರಿ ಕೆಲಸ ಹಿಡಿದೆ. ಹಲ್ಲು ನೋಡುವ ಬುದ್ಧಿ ಮಾತ್ರ ಅಪ್ಪನಿಂದಲೇ ಬಂತು. ಲಾರಿಯ ಗೇರಿನ ಹಲ್ಲು ನೋಡಿ ಅದರ ಆಯಸ್ಸು ಹೇಳುವವನು ಮಂಡಿ ಮೊಹಲ್ಲಾದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಥವಾ ಜಂಬಕ್ಕೇ ಹೇಳುತ್ತಿದ್ದೇನೆ ಅನ್ನಿ. ನನ್ನ ಮನೆ ಹಾಳು ಮಾಡಿದ್ದೇ ಆ ಜಂಬ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಲು ಬರುವುದಿಲ್ಲ.

ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಸ್ವಾತಂತ್ರ್ಯ ಬಂದ ವರ್ಷ ವಾಪಸು ಬಂದು, ಕೆಸರೆಯಲ್ಲಿ ಮನೆ ಮಾಡಿ, ಮಂಡಿ ಮೊಹಲ್ಲಾದಲ್ಲಿ ಒಂದು ತಗಡಿನ ಶೆಡ್ಡು ಹಾಕಿದೆ. ಆಗ ಎಲ್ಲಿ ನೋಡಿದರೂ ಡಿಸ್ಪೋಸಲ್ ಲಾರಿಗಳು. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ಅಮೆರಿಕದ ಲಾರಿಗಳನ್ನು ಬೆಲ್ಲದ ವ್ಯಾಪಾರದವರು, ಸೌದೆ ಡಿಪೋದವರು ಕೊಂಡು ಓಡಿಸುತ್ತಿದ್ದರು. ಲಾರಿಯೇನೋ ಬಂತು, ಅದರ ಬಿಡಿಭಾಗ ಬರಲಿಲ್ಲ. ಹೊಸ ಗೇರು ಬೇಕೆಂದರೆ ಹಡಗಿನಲ್ಲಿ ಬರಬೇಕು, ಬರುವ ಹೊತ್ತಿಗೆ ಲಾರಿ ತುಕ್ಕು ಹಿಡಿದು ಕೋಳಿಗೂಡಾಗಿರುತ್ತಿತ್ತು. ಹಾಗಾಗಿ ಸತ್ತ ಐದು ಗೇರ್‌ಬಾಕ್ಸ್ ಬಿಚ್ಚಿ ಬದುಕುವ ಒಂದನ್ನು ಕಟ್ಟುವುದೇ ನಮ್ಮ ಕಸುಬಾಯಿತು.

ಕಟ್ಟುವುದು ಯಾರಿಗಾದರೂ ಬರುತ್ತದೆ. ಆರಿಸುವುದು ಬರಬೇಕು. ನಮ್ಮ ಶೆಡ್ಡಿನ ಎದುರಿಗೇ ಗುಜರಿ ಅಂಗಡಿ. ಅದರ ಯಜಮಾನರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು, ಗಡ್ಡ ನೆರೆತ ನಿಧಾನದ ಮನುಷ್ಯ. ಅವರ ಅಂಗಳದಲ್ಲಿ ಒಡೆದ ಲಾರಿಗಳ ಕರುಳೆಲ್ಲ ರಾಶಿ ಬಿದ್ದಿರುತ್ತಿತ್ತು. ನಾನು ಆ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರೆ ಅರ್ಧ ದಿನ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಶಾಫ್ಟನ್ನು ಗಾಜಿನ ಹಲಗೆಯ ಮೇಲೆ ಉರುಳಿಸಿ ಸೊಟ್ಟ ಇದೆಯೇ ನೋಡಬೇಕು. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆರಳಲ್ಲಿ ತಿರುಗಿಸಿದರೆ ಮರಳು ಸಿಕ್ಕ ಹಾಗೆ ಕರಕರ ಅನ್ನಬಾರದು. ಗೇರಿನ ಹಲ್ಲಿನ ತುದಿ ಗುಂಡಗಾಗಿದ್ದರೆ ಅದು ಇಳಿಜಾರಿನಲ್ಲಿ ಕಳಚಿಕೊಳ್ಳುವ ಗೇರು. ನೀಲಿ ಬಣ್ಣ ತಿರುಗಿದ್ದರೆ ಎಣ್ಣೆಯಿಲ್ಲದೆ ಬೆಂದ ಗೇರು. ಇದಕ್ಕೆಲ್ಲ ಕಣ್ಣು, ಉಗುರು ಸಾಕು.

ಕೊನೆಗೆ ಕಿವಿ. ಗೇರಿನ ತೂತಿನಲ್ಲಿ ಹುರಿ ಪೋಣಿಸಿ ನೇತುಬಿಟ್ಟು, ಹಿತ್ತಾಳೆ ಸರಳಿನಿಂದ ಮೆಲ್ಲಗೆ ಒಂದೇಟು. ಗಟ್ಟಿ ಗೇರಾದರೆ ಠಣ್ ಎಂದು ದನಿ ಹುಟ್ಟಿ ಎಳೆದುಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಠಪ್ ಎಂದು ಅಲ್ಲೇ ಸಾಯುತ್ತದೆ. ಸಂತೆಯಲ್ಲಿ ಹೆಂಗಸರು ಮಡಕೆ ಬಡಿದು ನೋಡುವುದಿಲ್ಲವೇ, ಅದೇ. ದನಿ ಒಪ್ಪಿದ ಗೇರಿನ ಪಕ್ಕಕ್ಕೆ ನಾನು ಅರದಿಂದ ಎರಡು ಓರೆ ಗೀಟು ಹಾಕುತ್ತಿದ್ದೆ. ಎರಡು ಗೀಟಿನ ಗೇರು ಎಂದರೆ ಲಾರಿ ಯಜಮಾನರು ಮರುಮಾತಿಲ್ಲದೆ ನಂಬುತ್ತಿದ್ದರು.

ಶೆಡ್ಡಿನಲ್ಲಿ ನನ್ನ ಜೊತೆಗಿದ್ದವನು ನನ್ನ ತಮ್ಮ. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನಾನೇ ಹೆಗಲ ಮೇಲೆ ಹೊತ್ತು ಬೆಳೆಸಿದವನು. ಮೀಸೆ ಬಂದ ಮೇಲೆ ಕೆಲಸಕ್ಕೆ ಸೇರಿ ಹತ್ತು ವರ್ಷ ನನ್ನ ಬಲಗೈಯಾಗಿ ನಿಂತ. ನಾನು ಆರಿಸುವುದು, ಅವನು ಜೋಡಿಸುವುದು. ನನ್ನ ಬಾಯಿ ಕೆಟ್ಟದ್ದು, ಕೋಪ ಸದಾ ಮೂಗಿನ ತುದಿಯಲ್ಲಿ. ಅವನು ಒಂದು ಬೈಗುಳಕ್ಕೂ ತಿರುಗಿ ಆಡಿದವನಲ್ಲ. ಮದುವೆಯ ಮಾತೆತ್ತಿದರೆ "ಇರ್ಲಿ ಬುಡಿ ಅತ್ಗೆ" ಎಂದು ನನ್ನ ಹೆಂಡತಿಯ ಮುಂದೆ ತಲೆ ತಗ್ಗಿಸಿ ನಗುತ್ತಿದ್ದ.

ಅವನದೊಂದು ಚಾಳಿ ನನಗೆ ಹಿಡಿಸುತ್ತಿರಲಿಲ್ಲ. ಬಿರುಕು ಕಂಡುಹಿಡಿಯಲು ಇನ್ನೊಂದು ದಾರಿಯಿದೆ. ಗೇರನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾಯುವುದು. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಒಸರಿ ಬಿಳಿ ಪುಡಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಮಿಲಿಟರಿಯಲ್ಲಿ ಕಂಡಿದ್ದನ್ನು ನಾನೇ ಅವನಿಗೆ ಒಮ್ಮೆ ಹೇಳಿಕೊಟ್ಟಿದ್ದೆ. ಒಂದು ದಿನ ಅವನು ಡಬ್ಬಿ ತುಂಬ ಸೀಮೆಸುಣ್ಣ ಕುಟ್ಟಿಟ್ಟುಕೊಂಡದ್ದು ಕಂಡು ನಕ್ಕೆ.

"ಏನೋ ಇದು, ಮೇಷ್ಟ್ರಾಗೋಕೆ ಹೊರಟಿದ್ದೀಯಾ?"

"ಸುಮ್ನೆ ಅಣ್ಣಯ್ಯ. ನಿನ್ನ ಕಿವಿ ನಂಗಿಲ್ವಲ್ಲ. ಕಲ್ಕೊಳ್ಳೋಣ ಅಂತ."

"ಅದು ಕಿವಿ ಇಲ್ದೋರ ಕೆಲಸ ಕಣೋ," ಎಂದೆ. ಅಕ್ಕಪಕ್ಕದ ಶೆಡ್ಡಿನವರೂ ನಕ್ಕರು. ಅವನೂ ನಕ್ಕ.

ಆ ಒಂದೆರಡು ವರ್ಷದಲ್ಲಿ ಅವನಿಗೆ ಇನ್ನೊಂದು ಅಭ್ಯಾಸ ಹತ್ತಿತ್ತು. ಏನು ಹೇಳಬೇಕಾದರೂ ಕೆಲಸ ಬಿಟ್ಟು ನನ್ನ ಎದುರಿಗೆ ಬಂದು ನಿಂತು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳುವುದು. ಹೇಳಿದ ಮೇಲೆ "ಕೇಳಿಸ್ತಾ ಅಣ್ಣಯ್ಯ?" ಎಂದು ಕೇಳುವುದು. "ನಾನೇನು ಕಿವುಡನೇನೋ? ಕತ್ತೆ ಹಂಗೆ ಯಾಕೆ ಅರಚ್ತೀಯ?" ಎಂದು ನಾನು ರೇಗುತ್ತಿದ್ದೆ. ಮನೆಯಲ್ಲಿ ಹೆಂಡತಿಯೂ ಅಷ್ಟೇ, ಮೊದಲು ತೋಳು ಮುಟ್ಟಿ ಆಮೇಲೆ ಮಾತಾಡುತ್ತಿದ್ದಳು. ನನಗೆ ಮಾತು ಕೇಳುತ್ತಿತ್ತು, ಇಂಜಿನ್ನು ಕೇಳುತ್ತಿತ್ತು. ಅನುಮಾನ ಪಡಲು ನನಗೇನೂ ಕಾಣಲಿಲ್ಲ.

ಶೆಡ್ಡು ಹಾಕಿ ಹದಿಮೂರೋ ಹದಿನಾಲ್ಕೋ ವರ್ಷವಾಗಿತ್ತು. ಬೆಲ್ಲ ಸಾಗಿಸುವ ಯಜಮಾನರೊಬ್ಬರು ತಮ್ಮ ಹಳೆಯ ಲಾರಿ ತಂದು ನಿಲ್ಲಿಸಿದರು. ತಾವೇ ಓಡಿಸುತ್ತಿದ್ದರು, ಲಾರಿಯನ್ನು ಹೆತ್ತ ಮಗಳ ಹಾಗೆ ನೋಡಿಕೊಳ್ಳುತ್ತಿದ್ದರು. ಗೇರ್‌ಬಾಕ್ಸ್ ಬಿಚ್ಚಿದರೆ ಒಳಗೆ ರಾಗಿ ಒಕ್ಕಿದ ಹಾಗಾಗಿತ್ತು. ಎರಡು ಬೇರಿಂಗು ಪುಡಿ, ಮೂರನೇ ಗೇರಿನ ನಾಲ್ಕು ಹಲ್ಲು ಉದುರಿದ್ದವು.

ನಾನೂ ತಮ್ಮನೂ ಸಾಹೇಬರ ರಾಶಿಗೆ ಹೋದೆವು. ಅದೇ ಜಾತಿಯ ಲಾರಿಯ ಮೂರನೇ ಗೇರು ಹುಡುಕಿ ಹುಡುಕಿ ಎರಡೇ ಸಿಕ್ಕವು. ಒಂದರ ಹಲ್ಲು ತುಸು ಸವೆದಿತ್ತು. ಇನ್ನೊಂದು, ಏನು ಹೇಳಲಿ, ನಿನ್ನೆ ಮಾಡಿದ ಹಾಗಿತ್ತು, ಒಂದು ಕಲೆಯಿಲ್ಲ. ಹುರಿಗೆ ಕಟ್ಟಿ ಬಡಿದೆ. ಠಣ್ ಎಂದಿತು. ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ, ನನಗೆ ಠಣ್ ಎಂದೇ ಕೇಳಿಸಿತು. ಸಾಹೇಬರು ತಲೆ ಎತ್ತಿ ನನ್ನನ್ನಲ್ಲ, ನನ್ನ ತಮ್ಮನನ್ನು ನೋಡಿದರು. ಒಳ್ಳೆಯ ಮಾಲು ಕೈಬಿಟ್ಟು ಹೋಯಿತಲ್ಲ ಎಂದು ಅವರಿಗೆ ಹೊಟ್ಟೆಯುರಿ ಎಂದುಕೊಂಡೆ. ಅಲ್ಲೇ ಅರ ತೆಗೆದು ಎರಡು ಗೀಟು ಹಾಕಿದೆ.

"ಅಣ್ಣಯ್ಯ, ಆ ಇನ್ನೊಂದೂ ತಗೊಂಡು ಇಟ್ಕೊಳ್ಳೋಣ. ಮುಂದಕ್ಕೆ ಬೇಕಾಯ್ತದೆ," ಎಂದ ತಮ್ಮ, ಎದುರಿಗೆ ಬಂದು ನಿಂತು.

"ಸವೆದ ಗೇರು ಯಾವ ಸೀಮೆ ಮದ್ದಿಗೋ?" ಎಂದೆ. ಆದರೂ ತಂದ.

ಎರಡು ದಿನ ಬಿಟ್ಟು ಗೇರ್‌ಬಾಕ್ಸ್ ಜೋಡಿಸಿ ಆಗಿತ್ತು, ಮೇಲಿನ ಮುಚ್ಚಳ ಹಾಕುವುದೊಂದು ಬಾಕಿ. ತಮ್ಮ ಎದುರು ಹೋಟೆಲಿನಿಂದ ಟೀ ತರಲು ಹೋಗಿದ್ದ. ಯಜಮಾನರು ಲಾರಿ ಒಯ್ಯಲು ಬಂದು ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ತೋರಿಸೋಣ, ನನ್ನ ಗೇರಿನ ಅಂದ ನೋಡಲಿ ಎಂದು ಒಳಗೆ ಬಗ್ಗಿದೆ. ನೋಡಿದರೆ ಒಳಗಿದ್ದದ್ದು ಆ ಸವೆದ ಗೇರು! ಅದರ ಮೇಲೂ ಎರಡು ಗೀಟು. ಗೀಟು ಹೊಸದು, ನೆಟ್ಟಗೆ ಎಳೆದದ್ದು. ನನ್ನ ಕೈಯ ಓರೆ ಗೀಟಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಶೆಡ್ಡೆಲ್ಲ ಹುಡುಕಿದೆ. ಗೂಟಕ್ಕೆ ನೇತುಹಾಕಿದ್ದ ತಮ್ಮನ ಬುತ್ತಿ ಚೀಲ ಭಾರವಾಗಿ ಜೋತುಬಿದ್ದಿತ್ತು. ಕೈ ಹಾಕಿದರೆ, ಬುತ್ತಿ ಡಬ್ಬಿಯ ಕೆಳಗೆ ಹಳೇ ಕಾಗದದಲ್ಲಿ ಸುತ್ತಿಟ್ಟ ನನ್ನ ಗೇರು. ಮೇಲೆ ಬಿಳಿ ಪುಡಿ ಮೆತ್ತಿತ್ತು. ಆ ಪುಡಿಯಲ್ಲಿ ಏನಿತ್ತೋ ನಾನು ನೋಡಲಿಲ್ಲ. ಚಿಂದಿಬಟ್ಟೆ ತೆಗೆದುಕೊಂಡು ಪೂರಾ ಒರೆಸಿಬಿಟ್ಟೆ. ದೇವರು ನನಗೆ ಕೊಟ್ಟಿದ್ದ ಒಂದೇ ಒಂದು ಗಳಿಗೆ ಅದು, ನನ್ನ ಕೈಯಾರೆ ಒರೆಸಿ ಹಾಕಿದೆ.

ಅವನು ಟೀ ಲೋಟ ಹಿಡಿದು ಬಂದ. ಲೋಟ ಕಸಿದು ಬಿಸಾಕಿದೆ.

"ಇದೇನೋ ಇದು? ನಾನಾರಿಸಿದ ಗೇರು ನಿನ್ನ ಚೀಲಕ್ಕೆ ಹೆಂಗೆ ಬಂತೋ? ಯಾವ ಶೆಡ್ಡಿಗೆ ಮಾರ್ತಾ ಇದ್ದೀಯ? ಉಂಡ ಮನೆ ಜಂತೆ ಎಣಿಸ್ತೀಯೇನೋ, ಕಳ್ಳ ನನ್ಮಗನೆ!"

ಅವನ ಮುಖ ಬಿಳುಚಿಕೊಂಡಿತು. ಬಾಯಿ ತೆರೆದ. ಆಮೇಲೆ ಸುತ್ತ ನೋಡಿದ. ಬೆಂಚಿನ ಮೇಲೆ ಲಾರಿ ಯಜಮಾನರು, ಬಾಗಿಲಲ್ಲಿ ಅಕ್ಕಪಕ್ಕದ ಶೆಡ್ಡಿನವರು, ರಸ್ತೆಯಾಚೆ ಸಾಹೇಬರು. ಎಲ್ಲರನ್ನೂ ಒಂದು ಸುತ್ತು ನೋಡಿ ಬಾಯಿ ಮುಚ್ಚಿಕೊಂಡ.

"ಹೇಳೋ! ಬಾಯಲ್ಲಿ ಏನಿಟ್ಕೊಂಡಿದ್ದೀಯ?"

"ಏನಿಲ್ಲ ಅಣ್ಣಯ್ಯ. ಮನೇಲಿ ಏಳ್ತೀನಿ."

"ಮನೆ? ಯಾರ ಮನೆಯೋ? ಮೌನವೇ ಸಮ್ಮತಿ ಅಂತಾರೆ, ನೀನು ಹೇಳೋದು ಇನ್ನೇನಿದೆ? ನನ್ನ ಮನೆ ಹೊಸಿಲು ತುಳಿದ್ರೆ ಕಾಲು ಮುರೀತೀನಿ. ಹೋಗಾಚೆ!"

ಕುತ್ತಿಗೆಗೆ ಕೈ ಹಾಕಿ ರಸ್ತೆಗೆ ತಳ್ಳಿದೆ. ಮೂವತ್ತು ವರ್ಷದ ಗಂಡಸು, ನನಗಿಂತ ಗಟ್ಟಿ ಆಳು. ಕೈ ಎತ್ತಿದ್ದರೆ ನಾನು ಉರುಳುತ್ತಿದ್ದೆ. ಅವನು ಎದ್ದು ಪಂಚೆ ಕೊಡವಿಕೊಂಡ. ಸಾಹೇಬರು ಎದ್ದು ಬಂದು "ಮೇಸ್ತ್ರಿಗಳೇ, ಸ್ವಲ್ಪ ತಡೀರಿ" ಎಂದು ಏನೋ ಹೇಳಲು ಹೊರಟರು. ತಮ್ಮ ಅವರಿಗೆ ಕೈ ಮುಗಿದು ಬೇಡ ಎಂಬಂತೆ ತಲೆಯಾಡಿಸಿದ. ಅವರ ಮೇಲೂ ನಾನು ಹರಿಹಾಯ್ದೆ. ತಮ್ಮ ಮಾರುಕಟ್ಟೆಯ ಜನದ ನಡುವೆ ನಡೆದುಹೋದ. ಬುತ್ತಿ ಚೀಲ ಇಲ್ಲೇ ಉಳಿಯಿತು.

ಸವೆದ ಗೇರು ಕಿತ್ತೆಸೆದು ನನ್ನ ಗೇರನ್ನು ನಾನೇ ಜೋಡಿಸಿದೆ. ಮುಚ್ಚಳ ಹಾಕಿ ಲಾರಿ ಓಡಿಸಿ ತೋರಿಸಿದೆ. ಬೆಣ್ಣೆಯ ಹಾಗೆ ಬಿತ್ತು ಗೇರು. ಯಜಮಾನರು ಸಂತೋಷಪಟ್ಟು ಹೋದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ನಿನ್ನ ಮೈದುನ ಕಳ್ಳ ಎಂದು. ಅವಳು ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. "ಅವ್ರು ಅಂಥೋರಲ್ಲ ಕಣ್ರೀ," ಎಂದಳು. ಅವಳನ್ನೂ ಬೈದೆ. ಅವಳು ಮೂರು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಮುಖ ನೋಡದೆ ಅವಳು ಆಡಿದ್ದು ಒಂದೂ ನನಗೆ ತಿಳಿಯಲಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ!

ಆರನೇ ದಿನ ಯಜಮಾನರು ನಡೆದುಕೊಂಡು ಬಂದರು, ಲಾರಿಯಿಲ್ಲದೆ. ತುಂಬಿದ ಬೆಲ್ಲದೊಂದಿಗೆ ಏರು ಹತ್ತುವಾಗ ಒಳಗೆ ಸಿಡಿದ ಸದ್ದಾಗಿ ಲಾರಿ ನಿಂತುಬಿಟ್ಟಿತಂತೆ. ಕಲ್ಲು ಕೊಟ್ಟು ನಿಲ್ಲಿಸಿದರಂತೆ, ಯಾರಿಗೂ ಏನೂ ಆಗಿರಲಿಲ್ಲ. ಟವೆಲಿನ ಗಂಟು ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಎರಡು ತುಂಡಾದ ಗೇರು. ಓರೆ ಗೀಟು ಒಂದು ತುಂಡಿನಲ್ಲೊಂದು, ಇನ್ನೊಂದರಲ್ಲೊಂದು.

"ನಿಮ್ಮ ಕಿವಿ ನಂಬಿದ್ದೆ ಮೇಸ್ತ್ರಿಗಳೇ," ಎಂದರು. ಬೈಯಲಿಲ್ಲ, ಅಷ್ಟೇ ಹೇಳಿ ಹೋದರು.

ಒಡೆದ ಜಾಗ ನೋಡಿದೆ. ಹೊಸದಾಗಿ ಒಡೆದ ಕಬ್ಬಿಣ ಬೆಳ್ಳಗೆ ಹೊಳೆಯುತ್ತದೆ. ಇದರಲ್ಲಿ ಅರ್ಧ ಭಾಗ ಕಪ್ಪಗಿತ್ತು, ಹಳೆಯ ಎಣ್ಣೆ ಕುಡಿದು ಕಪ್ಪಾಗಿತ್ತು. ಅಂದರೆ ಬಿರುಕು ಮೊದಲಿನಿಂದಲೂ ಇತ್ತು. ಆದರೂ ನನ್ನ ತಲೆ ಏನೆಂದಿತು ಗೊತ್ತೇ? ಅವನೇ ಎಲ್ಲೋ ಕೆಡವಿ ಬಿರುಕು ಬಿಡಿಸಿದ್ದಾನೆ ಎಂದಿತು! ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಅದನ್ನೇ ಕೂಗಾಡಿದೆ. ಹೆಂಡತಿ ಕೇಳಿಸಿಕೊಂಡು ಒಳಗೆ ಹೋದಳು. ನಾನು ಬೀದಿ ನೋಡುತ್ತ ಕೂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ನನ್ನ ಹಿಂದೆ ಏನನ್ನೋ ದಿಟ್ಟಿಸುತ್ತಿದ್ದಳು. ತಿರುಗಿ ನೋಡಿದೆ.

ನನ್ನ ಬೆನ್ನಿಗೆ ಒಂದು ಮೊಳ ದೂರದಲ್ಲಿ ಹೆಂಡತಿ ನಿಂತಿದ್ದಳು. ಕೈಯಲ್ಲಿ ದೇವರ ಗಂಟೆ. ಆಡಿಸುತ್ತಲೇ ಇದ್ದಳು. ಗಂಟೆಯ ನಾಲಗೆ ಆಚೀಚೆ ಬಡಿಯುವುದು ಕಾಣುತ್ತಿತ್ತು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನಿಮ್ಗೆ ಇದು ಕೇಳಲ್ಲ ಕಣ್ರೀ," ಎಂದಳು, ನನ್ನ ಮುಂದೆ ಬಂದು, ಗಟ್ಟಿಯಾಗಿ. "ಎರಡು ವರ್ಸ ಆಯ್ತು. ಎದುರಿಗೆ ನಿಂತು ಆಡಿದ್ರೆ ಮಾತು ಕೇಳ್ತದೆ, ಇದು ಕೇಳಲ್ಲ. ನಂಗೂ ಗೊತ್ತು, ಅವ್ರಿಗೂ ಗೊತ್ತು. ಅಣ್ಣಯ್ಯಂಗೆ ಏಳ್ಬ್ಯಾಡಿ ಅತ್ಗೆ, ಕಿವಿ ಓಯ್ತು ಅಂತ ತಿಳಿದ್ರೆ ಜೀವಾನೇ ಬುಟ್ಬುಡ್ತಾನೆ ಅಂತ ನನ್ ಕೈಲಿ ಭಾಷೆ ತಗೊಂಡಿದ್ರು."

ಗಂಟೆ ಕಸಿದುಕೊಂಡು ಕಿವಿಯ ಹತ್ತಿರ ಹಿಡಿದು ಆಡಿಸಿದೆ. ಕೈಗೆ ಅದುರು ಗೊತ್ತಾಯಿತು. ದನಿಯಿಲ್ಲ. ಇಪ್ಪತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಕೂತವನಿಗೆ ಸಣ್ಣ ದನಿಯೆಲ್ಲ ಒಂದೊಂದೇ ಉದುರಿಹೋಗಿದ್ದವು. ನಾನು ಗೇರು ಬಡಿದಾಗ ಕೇಳುತ್ತಿದ್ದ ಠಣ್ ನನ್ನ ತಲೆಯೊಳಗಿನದು, ಹಳೆಯದು.

ಚಪ್ಪಲಿ ಮೆಟ್ಟದೆ ಸಾಹೇಬರ ಅಂಗಡಿಗೆ ಓಡಿದೆ. ಅವರು ಏನೂ ಕೇಳಲಿಲ್ಲ. ಒಳಗಿನಿಂದ ಒಂದು ಗೋಣಿಚೀಲ ತಂದು ನನ್ನ ಮುಂದೆ ಸುರಿದರು. ಏಳು ಗೇರು. ಏಳರ ಮೇಲೂ ನನ್ನ ಓರೆ ಗೀಟು.

"ನಿಮ್ಮ ತಮ್ಮ ತಂದುಕೊಡ್ತಿದ್ದ. ಕರಗಿಸೋಕೆ ಹಾಕಿ, ಅಣ್ಣಂಗೆ ಕಾಣಬಾರದು ಅಂತಿದ್ದ. ನನಗೆ ಮನಸ್ಸು ಬರಲಿಲ್ಲ," ಎಂದರು. "ಅವತ್ತು ಹೇಳೋಕೆ ಬಂದೆ. ಅಷ್ಟು ಜನರ ಮುಂದೆ ನಿಮ್ಮ ಮಾನ ಹೋಗುತ್ತೆ ಅಂತ ಅವನೇ ತಡೆದ."

ಶೆಡ್ಡಿಗೆ ಹೊತ್ತುಕೊಂಡು ಹೋಗಿ, ಅವನ ಡಬ್ಬಿ ಹುಡುಕಿ, ಏಳನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಒರೆಸಿ ಪುಡಿ ಉದುರಿಸಿದೆ. ಒಂದೊಂದರ ಮೇಲೂ ಕಪ್ಪು ಗೆರೆ ನಿಧಾನವಾಗಿ ಮೂಡಿ ಬಂತು. ನಾನು ಆರಿಸಿದ ಏಳು ಗೇರು, ಏಳು ಲಾರಿ, ಅದರಲ್ಲಿ ಕೂರುವ ಎಷ್ಟೋ ಜೀವ. ನನ್ನ ಹೆಸರಿನ ಗೀಟನ್ನು ಬೇರೆ ಗೇರಿಗೆ ಹಾಕಿ, ಕೆಟ್ಟದ್ದನ್ನು ಬುತ್ತಿ ಚೀಲದಲ್ಲಿ ಹೊತ್ತುಹಾಕಿ, ಅವನು ನನ್ನನ್ನು ಕಾಯ್ದಿದ್ದ. ಶೆಡ್ಡಿನಲ್ಲಿ ಒಬ್ಬನೇ ಕೂತು ದನ ಬಡಿದ ಹಾಗೆ ಎದೆ ಬಡಿದುಕೊಂಡು ಅತ್ತೆ. ಜೋರಾಗಿ ಅತ್ತೆನೋ ಮೆಲ್ಲಗೆ ಅತ್ತೆನೋ ನನಗೆ ಗೊತ್ತಿಲ್ಲ.

ಬೆಲ್ಲದ ಯಜಮಾನರ ಲಾರಿಗೆ ಆ ಸವೆದ ಗೇರನ್ನೇ ಹಾಕಿಕೊಟ್ಟೆ. ಅದು ಬಹಳ ವರ್ಷ ಓಡಿತು.

ತಮ್ಮನನ್ನು ಹುಡುಕಲು ಮೂರು ವಾರ ಹಿಡಿಯಿತು. ಊರಿಗೆ ಹೋಗಿರಲಿಲ್ಲ, ನೆಂಟರ ಮನೆಗೂ ಹೋಗಿರಲಿಲ್ಲ. ಕೊನೆಗೆ ಸಾಹೇಬರೇ ಸುಳಿವು ಕೊಟ್ಟರು. ಮೇಟಗಳ್ಳಿ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದರು. ಹೆಂಡತಿ ಅವನ ಬುತ್ತಿ ಚೀಲವನ್ನು ಒಗೆದು, ಡಬ್ಬಿಗೆ ಮುದ್ದೆ, ಉಪ್ಪೆಸರು ತುಂಬಿ ಕೊಟ್ಟಳು. "ಕರ್ಕೊಂಡೇ ಬನ್ನಿ," ಎಂದಳು.

ಮಧ್ಯಾಹ್ನ ಊಟಕ್ಕೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತೆ. ಜನ ಗುಂಪು ಗುಂಪಾಗಿ ಹೊರಬಂದರು. ಅವನು ಖಾಕಿ ಅಂಗಿ ಹಾಕಿದ್ದ, ಸೊರಗಿದ್ದ. ನನ್ನನ್ನು ಕಂಡು ನಿಂತ. ಹತ್ತಿರ ಬಂದ. ನನ್ನ ಜನ್ಮದಲ್ಲಿ ಯಾರ ಮುಂದೆಯೂ ತಪ್ಪಾಯಿತು ಎಂದವನಲ್ಲ ನಾನು.

"ತಪ್ಪಾಯ್ತು ಕಣೋ. ಎಲ್ಲಾ ಗೊತ್ತಾಯ್ತು. ಸಾಹೇಬ್ರು ಏಳೂ ತೋರಿಸಿದ್ರು. ಮನೆಗೆ ಬಾ. ಇನ್ಮೇಲೆ ನೀನೇ ಆರಿಸು, ನಾನು ಜೋಡಿಸ್ತೀನಿ. ನನ್ನ ಕಿವಿ ಹೋಗಿದ್ದು ನಂಗೇ ಗೊತ್ತಾಗ್ಲಿಲ್ಲ ಕಣೋ, ದೇವರಾಣೆ."

ಅವನು ಬುತ್ತಿ ಚೀಲ ತೆಗೆದುಕೊಂಡ. ಡಬ್ಬಿಯನ್ನು ಮುಟ್ಟಿ ನೋಡಿ, ಇನ್ನೂ ಬಿಸಿಯಿದೆ ಎಂಬಂತೆ ಎದೆಗೆ ಒತ್ತಿ ಹಿಡಿದುಕೊಂಡ. ಆಮೇಲೆ, ಎರಡು ವರ್ಷದ ರೂಢಿಯಂತೆ, ನನ್ನ ಎದುರಿಗೆ ನೆಟ್ಟಗೆ ನಿಂತು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದ. ಗೇಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಕಿವಿ ಓಗಿದ್ದು ಗೊತ್ತಾಗ್ಲಿಲ್ಲ, ಅದು ಸರಿ ಅಣ್ಣಯ್ಯ. ಅದ್ಕೆ ನಂಗೆ ಬೇಜಾರಿಲ್ಲ. ನಾನು ಕಳ್ಳ ಅಲ್ಲ ಅಂತ ತಿಳ್ಕೊಳ್ಳೋಕೆ ನಿಂಗೆ ಕಿವಿ ಬೇಕಾಗಿತ್ತಾ?"

ಅವನ ತೋಳು ಹಿಡಿಯಲು ಕೈ ಚಾಚಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನಾ ಬರಲ್ಲ. ಅತ್ಗೆಗೆ ಏಳು, ಚೆನ್ನಾಗಿದ್ದೀನಿ ಅಂತ." ಆಮೇಲೆ ಯಾವಾಗಲೂ ಕೇಳುವ ಹಾಗೆಯೇ ಕೇಳಿದ. "ಕೇಳಿಸ್ತಾ ಅಣ್ಣಯ್ಯ?"

"ಕೇಳಿಸ್ತು ಕಣೋ," ಎಂದೆ.

ಅವನು ಬುತ್ತಿ ಚೀಲ ಹಿಡಿದುಕೊಂಡು ಒಳಗೆ ಹೋದ.